ಸಿಪಾಯಿಯ ಸೂರು

ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹುಕ್ಕೇರಿ ತಾಲೂಕಿನ ಹತ್ತರಗಿಯನ್ನು ಸಮೀಪಿಸುವವರಿಗೆ ವಲ್ಲಭಗಡದ ಗುಡ್ಡ ಕಣ್ಣಿಗೆ ಬೀಳುತ್ತದೆ. ಮೇಲೇರಿದರೆ ಗೋಡೆಯುಂಟು, ಬುರುಜುಗಳುಂಟು. ಆದರೆ ಈ ಕೋಟೆಯನ್ನು ಹಗಲಿರುಳು ಕಾದ ಸಿಪಾಯಿ ಎಲ್ಲಿ ಮಲಗುತ್ತಿದ್ದನು, ಆತನ ಒಲೆ ಎಲ್ಲಿ ಉರಿಯುತ್ತಿತ್ತು ಎಂದು ಕೇಳಿದರೆ ಆ ಕಲ್ಲುಗಳು ಉತ್ತರ ಕೊಡವು.

ಕಾರಣ ಸರಳವಾದುದು. ಕೋಟೆಯ ಗೋಡೆ ಕಲ್ಲಿನದು. ಸಾಮಾನ್ಯ ಸಿಪಾಯಿಯ ಬಿಡಾರ ಮಣ್ಣು, ಮರ, ಹುಲ್ಲಿನದು. ನೂರಾರು ಮಳೆಗಾಲಗಳನ್ನು ಅದು ತಾಳಲಾರದು. ಕೋಟೆ ಕಟ್ಟುವವರ ಚಿಂತೆಯೂ ಬೇರೆಯೇ ಆಗಿತ್ತು. ಕೋಟೆಗೆ ಕಲ್ಲಿಡುವ ಮುನ್ನ ನೀರನ್ನು ನೋಡಬೇಕೆಂದು ಹದಿನೆಂಟನೆಯ ಶತಮಾನದ ಆದಿಭಾಗದಲ್ಲಿ ರಾಮಚಂದ್ರಪಂತ ಅಮಾತ್ಯರು ತಮ್ಮ 'ಆಜ್ಞಾಪತ್ರ'ದಲ್ಲಿ ವಿಧಿಸಿದ್ದಾರೆ. ಮರಾಠರ ಕೋಟೆಗಳಲ್ಲಿ ಹವಾಲ್ದಾರನು ಅಧಿಪತಿ, ಸಬನೀಸನು ಲೆಕ್ಕಪತ್ರದವನು, ಕಾರಖಾನೀಸನು ಉಗ್ರಾಣದವನು. ಒಬ್ಬನೇ ಮನಸ್ಸು ಮಾಡಿ ಕೋಟೆಯನ್ನು ವೈರಿಗೆ ಒಪ್ಪಿಸದಿರಲೆಂದೇ ಅಧಿಕಾರವನ್ನು ಹೀಗೆ ಹಂಚಲಾಗಿತ್ತು. ಗುಡ್ಡದ ಬುಡದ ದಾರಿಗಳನ್ನು ಬೇಡರು, ರಾಮೋಶಿಗಳು, ಮಹಾರರು ಸಂಸಾರಸಮೇತ ನೆಲೆಸಿ ಕಾಯುತ್ತಿದ್ದರು. ಕೋಟೆಯ ಮೊದಲ ಗೋಡೆ ಆ ಗುಡಿಸಲುಗಳೇ ಎಂದರೂ ಸಲ್ಲುತ್ತದೆ.

ಅಮೆರಿಕದ ಗಡಿ ಕೋಟೆಗಳಲ್ಲಿ ಸೈನಿಕರಿಗೆ ಸಾಲು ಕೋಣೆಗಳಿದ್ದವು. ಒಂದೊಂದು ಮರದ ಮಂಚದಲ್ಲಿ ಇಬ್ಬಿಬ್ಬರು ಮಲಗಬೇಕಾಗಿತ್ತು. ಬೆಳಗಾವಿ ಸೀಮೆಯ ರೀತಿ ಬೇರೆ. ಇಲ್ಲಿ ಅನೇಕ ಸಿಪಾಯಿಗಳಿಗೆ ಊರಿನ ಮನೆಯೇ ವಸತಿ, ಹೊಲವೇ ಸಂಬಳ. ಇಂಥವರಿಗೆ ಶೇತಸನದಿಗಳೆಂದು ಹೆಸರು. 'ಶೇತ' ಎಂದರೆ ಹೊಲ. 'ಸನದು' ಎಂದರೆ ಅದನ್ನು ಕೊಟ್ಟ ಅಧಿಕಾರಪತ್ರ. ಕರೆ ಬಂದಾಗ ಕತ್ತಿ ಹಿಡಿಯುವುದು, ಉಳಿದಂತೆ ರಂಟೆ ಹೊಡೆಯುವುದು. ಗಂಡಸು ಕಾವಲಿಗೆ ಹೋದರೂ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲದಂತೆ ನೋಡಿಕೊಂಡದ್ದು ಆ ತುಂಡು ಭೂಮಿ.

1818ರ ಏಪ್ರಿಲ್ 10ರಂದು ಬೆಳಗಾವಿ ಕೋಟೆ ಥಾಮಸ್ ಮನ್ರೋನಿಗೆ ಶರಣಾಯಿತು. ಕಂಪನಿಯ ದಂಡು ಬಂದಿತು. ಗೋರಾ ಸೈನಿಕರಿಗೆ ಬ್ಯಾರಕುಗಳಾದವು. ದೇಶೀ ಸಿಪಾಯಿಗಳು ಮಾತ್ರ ಸರಕಾರ ಕೊಡುವ ಅಲ್ಪ ಹಣದಲ್ಲಿ ತಮ್ಮ ಗುಡಿಸಲನ್ನು ತಾವೇ ಕಟ್ಟಿಕೊಳ್ಳುವುದು ಕಂಪನಿಯ ಪದ್ಧತಿಯಾಗಿತ್ತು. ದೊರೆ ಬದಲಾದರೂ ಬಡ ಸಿಪಾಯಿಯ ತಲೆಯ ಮೇಲಿನ ಹುಲ್ಲು ಬದಲಾಗಲಿಲ್ಲ.

ಬದಲಾದದ್ದು ಹೊಲದ ಹಣೆಬರಹ. ಅದೇ ಸೀಮೆಯ ಕಿತ್ತೂರು 1824ರ ಡಿಸೆಂಬರಿನಲ್ಲಿ ಬಿದ್ದಿತು. ಶೇತಸನದಿಯ ಭೂಮಿ ಹೊಸ ಸರಕಾರದ ಕಣ್ಣಿಗೆ ಸೇವೆಯ ಪ್ರತಿಫಲವಾಗಿ ಕಾಣದೆ ಕಂದಾಯದ ಬಾಬಾಗಿ ಕಂಡಿತು. ಹೊಲ ಹೋದರೆ ಸಿಪಾಯಿಗೆ ಸಂಬಳ, ಮನೆ, ಮಾನ ಮೂರೂ ಒಟ್ಟಿಗೆ ಹೋದಂತೆ. ಸಂಗೊಳ್ಳಿಯ ರಾಯಣ್ಣನೂ ಅಂಥ ಒಬ್ಬ ಶೇತಸನದಿ. 1829-30ರಲ್ಲಿ ಆತನು ಬಂಡೆದ್ದಾಗ ಕೂಡಿಬಂದವರಲ್ಲಿ ಅನೇಕರು ಆತನಂತೆಯೇ ನೆಲಕ್ಕಾಗಿ ನೊಂದವರು. ಬೀಡಿಯ ಸರಕಾರಿ ಕಚೇರಿಗೆ ಬೆಂಕಿ ಬಿದ್ದಿತು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು.

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಬಯಲಿನಲ್ಲಿ ಇಂದು ಕಬ್ಬು ತಲೆದೂಗುತ್ತದೆ. ಹಳೆಯ ಸಿಪಾಯಿಗಳ ಬಿಡಾರವನ್ನು ಹುಡುಕುವವರು ಗುಡ್ಡದ ಮೇಲೆ ಮಾತ್ರ ಹುಡುಕಿದರೆ ಸಾಲದು. ಕೆಳಗಿನ ಹೊಲಗಳತ್ತಲೂ ಒಮ್ಮೆ ನೋಡಬೇಕು. ಕೋಟೆಯನ್ನು ಕಲ್ಲು ಕಾಯಲಿಲ್ಲ. ಕಾದವನ ಬೆನ್ನಿಗೆ ಒಂದು ಮನೆಯಿತ್ತು.