ಪತ್ತನಾಜೆ ಕಳೆದ ಮೇಲಿನ ಊರನ್ನೂ ನೋಡಿ

ಹೋಟೆಲು, ಕ್ಯಾಂಟೀನು, ಬ್ಯಾಂಕು, ಕಚೇರಿಗಳಲ್ಲಿ ಮೂವತ್ತು ನಲವತ್ತು ವರ್ಷ ದುಡಿದು ನಿವೃತ್ತಿಯ ಹೊಸ್ತಿಲಲ್ಲಿ ನಿಂತಿರುವ ಮುಂಬಯಿ ಕನ್ನಡಿಗರ ನಡುವೆ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆಯೊಂದಿದೆ. ಇನ್ನು ಊರಿಗೆ ಹೋಗಿ ನೆಲೆಸುವುದೋ, ಇಲ್ಲೇ ಇರುವುದೋ? ಸಂಘದ ವಾರ್ಷಿಕೋತ್ಸವದ ಊಟದ ಪಂಕ್ತಿಯಲ್ಲಿ, ಭಜನಾ ಮಂಡಳಿಯ ಶನಿವಾರದ ಕೂಟದಲ್ಲಿ, ಮದುವೆ ಮಂಟಪದಲ್ಲಿ ಈ ಮಾತು ಬಾರದೆ ಇರುವುದಿಲ್ಲ. ಡೊಂಬಿವಲಿಯ ಅಥವಾ ಮೀರಾರೋಡಿನ ಸಣ್ಣ ಫ್ಲ್ಯಾಟು ಮಾರಿದರೆ ಊರಿನಲ್ಲಿ ಅಂಗಳ, ಬಾವಿ, ನಾಲ್ಕು ತೆಂಗಿನ ಮರ ಸಹಿತ ಮನೆ ಆಗುತ್ತದೆ, ಮೇಲೆ ಬ್ಯಾಂಕಿನಲ್ಲಿಡಲು ಒಂದಿಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಹಾಕದವರು ವಿರಳ.

ಲೆಕ್ಕ ಸುಳ್ಳಲ್ಲ. ಆದರೆ ಅದು ಅರ್ಧ ಲೆಕ್ಕ. ಮುಂಬಯಿಯಲ್ಲಿ ಒಮ್ಮೆ ಮಾರಿದ ಮನೆಯನ್ನು ನಾಲ್ಕು ವರ್ಷ ಬಿಟ್ಟು ಅದೇ ಹಣಕ್ಕೆ ಮರಳಿ ಕೊಳ್ಳಲು ಮಧ್ಯಮ ವರ್ಗದವರಿಗೆ ಸಾಧ್ಯವಾಗುವುದಿಲ್ಲ. ಹಾಗಾಗಿ ಇದು ಹಿಂದಿರುಗಲಾಗದ ಹೆಜ್ಜೆ. ಇಂತಹ ಹೆಜ್ಜೆಯನ್ನು ಬಹುತೇಕರು ಇಡುವುದು ಏಪ್ರಿಲ್-ಮೇ ತಿಂಗಳ ಹತ್ತು ಹದಿನೈದು ದಿನಗಳ ರಜೆಯಲ್ಲಿ ಕಂಡ ಊರನ್ನು ನಂಬಿಕೊಂಡು ಎಂಬುದೇ ಚಿಂತೆಯ ವಿಷಯ.

ರಜೆಯಲ್ಲಿ ಕಾಣುವ ಊರು ಸಂಭ್ರಮದ ಊರು. ನೇಮ, ಜಾತ್ರೆ, ಬ್ರಹ್ಮಕಲಶೋತ್ಸವ, ಮದುವೆ, ಗೃಹಪ್ರವೇಶ, ರಾತ್ರಿಯಾದರೆ ಯಕ್ಷಗಾನ ಬಯಲಾಟ. ಮನೆ ತುಂಬ ನೆಂಟರು, ಬಾಡಿಗೆ ಕಾರು ಬಾಗಿಲಲ್ಲೇ ಇರುತ್ತದೆ. ಮೇ ತಿಂಗಳ ಕೊನೆಯ ವಾರ ಪತ್ತನಾಜೆ ಬಂತೆಂದರೆ ತುಳುನಾಡಿನಲ್ಲಿ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಉತ್ಸವಗಳು ನಿಲ್ಲುತ್ತವೆ, ಮುಂಬಯಿಯವರು ರೈಲು ಹತ್ತುತ್ತಾರೆ. ಅನಂತರ ಬರುವ ನಾಲ್ಕು ತಿಂಗಳ ಊರು ಬೇರೆಯೇ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಇದು ಮುಂಬಯಿಯ ಮಳೆಯ ಒಂದೂವರೆ ಪಟ್ಟಿಗೂ ಹೆಚ್ಚು. ಗಾಳಿಗೆ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ನೆರೆಮನೆ ಕೂಗಳತೆಯಲ್ಲಿ ಇರುವುದಿಲ್ಲ. ಮುಂಬಯಿಯ ಸಭಾಗೃಹಗಳಲ್ಲಿ ಪ್ರತಿ ವರ್ಷ 'ಆಟಿಡೊಂಜಿ ದಿನ' ಆಚರಿಸಿ ಪತ್ರೊಡೆ ಸವಿಯುವವರಲ್ಲಿ ಎಷ್ಟು ಮಂದಿ ಇತ್ತೀಚೆಗೆ ಊರಿನ ಆಟಿ ತಿಂಗಳನ್ನು ಮೂವತ್ತು ದಿನವೂ ಅಲ್ಲೇ ಇದ್ದು ಕಳೆದಿದ್ದಾರೆ?

ಹಾಗೆಂದು ಊರಿಗೆ ಹೋಗಬಾರದು ಎಂದಲ್ಲ. ಹೋಗುವವರು ಯಾವ ಊರಿಗೆ ಎಂಬುದನ್ನು ತೂಗಿ ನೋಡಿ ಹೋಗಬೇಕು. 'ಊರು' ಎಂದೊಡನೆ ತರವಾಡು ಮನೆಯ ಗ್ರಾಮವೇ ಆಗಬೇಕೆಂದಿಲ್ಲ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಬದುಕಿನ ದೀರ್ಘ ಕಾಲವನ್ನು ಪುತ್ತೂರಿನ ಬಾಲವನದಲ್ಲಿ ಕಳೆದು, ಇಳಿವಯಸ್ಸಿನಲ್ಲಿ ಸಾಲಿಗ್ರಾಮಕ್ಕೆ ಬಂದು ನೆಲೆಸಿದರು. ಗ್ರಾಮದ ಒಂಟಿ ಮನೆಗಿಂತ ಹತ್ತಿರದ ಸಣ್ಣ ಪಟ್ಟಣ ವೃದ್ಧ ದಂಪತಿಗೆ ಹೆಚ್ಚು ಅನುಕೂಲವಾಗಬಹುದು. ಆದರೆ ಪಟ್ಟಣಗಳೂ ಒಂದೇ ರೀತಿ ಇಲ್ಲ.

ಮೊದಲು ಆಸ್ಪತ್ರೆ. ಅರುವತ್ತು ದಾಟಿದವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಉಡುಪಿಯಿಂದ ಮಣಿಪಾಲ ಐದು ಕಿ.ಮೀ. ಕಾರ್ಕಳದಿಂದ ಸುಮಾರು 35, ಕುಂದಾಪುರದಿಂದ ಸುಮಾರು 40 ಕಿ.ಮೀ. ಮೂಡಬಿದಿರೆಯವರು ಸುಮಾರು 35 ಕಿ.ಮೀ. ದೂರದ ಮಂಗಳೂರನ್ನು, ಪುತ್ತೂರಿನವರು ಸುಮಾರು 50 ಕಿ.ಮೀ. ದೂರದ ಅದೇ ಮಂಗಳೂರನ್ನು ನಂಬಬೇಕು. ಈ ಪಟ್ಟಣಗಳಲ್ಲೆಲ್ಲ ಜ್ವರ, ರಕ್ತದೊತ್ತಡ, ಸಣ್ಣಪುಟ್ಟ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗಳಿವೆ. ಹೃದಯಾಘಾತ, ಪಾರ್ಶ್ವವಾಯುವಿನಂತಹ ಗಳಿಗೆಯಲ್ಲಿ ಮಾತ್ರ ಈ ಕಿಲೋಮೀಟರುಗಳೇ ಲೆಕ್ಕಕ್ಕೆ ಬರುತ್ತವೆ. ಘಟ್ಟದ ಮೇಲಿನ ತಂಪು ಬಯಸಿ ಶಿರಸಿಯತ್ತ ನೋಡುವ ಉತ್ತರ ಕನ್ನಡದವರು ಇದನ್ನು ಇನ್ನಷ್ಟು ಗಂಭೀರವಾಗಿ ಯೋಚಿಸಬೇಕು. ಶಿರಸಿಯಿಂದ ಹುಬ್ಬಳ್ಳಿ ಸುಮಾರು 100 ಕಿ.ಮೀ. ಕಾರವಾರದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದ್ದರೂ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಬೇಡಿಕೆ 2022ರಲ್ಲಿ ದೊಡ್ಡ ಕೂಗಾಗಿ ಎದ್ದಿತ್ತು. ಗಂಭೀರ ಕಾಯಿಲೆಯಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಓಡುವ ಪಾಡು ಅಲ್ಲಿನವರದು.

ಎರಡನೆಯದು ಸಂಚಾರ. ಮಕ್ಕಳು ಮುಂಬಯಿಯಲ್ಲೇ ಉಳಿಯುವಾಗ ಹೋಗಿ ಬರುವ ದಾರಿ ಸುಲಭವಿರಬೇಕು. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಕುಮಟಾ, ಕುಂದಾಪುರ, ಉಡುಪಿಗಳು ಮುಂಬಯಿಗೆ ಒಂದು ರಾತ್ರಿಯ ದೂರಕ್ಕೆ ಬಂದವು. ಮಳೆಗಾಲದ ವೇಳಾಪಟ್ಟಿಯಲ್ಲಿ ಮಾತ್ರ ರೈಲುಗಳ ವೇಗ ತಗ್ಗಿಸುವುದರಿಂದ ಪ್ರಯಾಣ ಇನ್ನಷ್ಟು ಉದ್ದವಾಗುತ್ತದೆ. ಕುಂದಾಪುರದ ನಿಲ್ದಾಣ ಇರುವುದು ಪೇಟೆಯಲ್ಲಲ್ಲ, ಕೆಲವು ಕಿ.ಮೀ. ಆಚೆ ಮೂಡ್ಲಕಟ್ಟೆಯಲ್ಲಿ. ರಾತ್ರಿ ಇಳಿಯುವವರು ರಿಕ್ಷಾದ ವ್ಯವಸ್ಥೆ ಮಾಡಿಕೊಂಡಿರಬೇಕು. ಪುತ್ತೂರಿಗೆ ರೈಲುಂಟು, ಆದರೆ ಅದು ಮಂಗಳೂರು-ಹಾಸನ ಮಾರ್ಗದಲ್ಲಿದೆ. ಮುಂಬಯಿಯಿಂದ ಬಂದವರು ಮಂಗಳೂರಿನಿಂದ ಮುಂದೆ ಬೇರೆ ರೈಲು ಅಥವಾ ಬಸ್ಸು ಹಿಡಿಯಬೇಕು. ಕಾರ್ಕಳ, ಮೂಡಬಿದಿರೆ, ಶಿರಸಿಗಳಿಗೆ ರೈಲೇ ಇಲ್ಲ. ಶಿರಸಿಯಿಂದ ಕುಮಟಾ ನಿಲ್ದಾಣಕ್ಕೆ ಸುಮಾರು 60 ಕಿ.ಮೀ., ಅದೂ ದೇವಿಮನೆ ಘಾಟಿಯನ್ನು ಇಳಿದು.

ಊರೊಳಗಿನ ಓಡಾಟದಲ್ಲೂ ವ್ಯತ್ಯಾಸವಿದೆ. ಕರ್ನಾಟಕದಲ್ಲಿ 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆ ರಾಜ್ಯದ ವಿಳಾಸವಿರುವ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟಿತು. ಪುತ್ತೂರು, ಶಿರಸಿಗಳಲ್ಲಿ ಸರಕಾರಿ ಬಸ್ಸು ಧಾರಾಳವಾಗಿರುವುದರಿಂದ ಇದರ ಪ್ರಯೋಜನ ಹೆಚ್ಚು. ಉಡುಪಿ, ಕಾರ್ಕಳ, ಮೂಡಬಿದಿರೆಯ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಮಹಿಳೆಯರೂ ಟಿಕೇಟು ತೆಗೆಯಬೇಕು.

ಮೂರನೆಯದು ನೀರು. ಅಷ್ಟು ಮಳೆ ಬರುವ ನಾಡಿನಲ್ಲಿ ನೀರಿನ ಬರವೇ ಎಂದು ಕೇಳುವವರಿದ್ದಾರೆ. ಮುರಕಲ್ಲಿನ ನೆಲದಲ್ಲಿ ಮಳೆನೀರು ಬೇಗನೆ ಹರಿದು ಸಮುದ್ರ ಸೇರುತ್ತದೆ. ಮಾರ್ಚ್ ಕಳೆಯುವಾಗ ಬಾವಿಗಳು ತಳ ಕಾಣುತ್ತವೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಗ್ಗಿ ಉಡುಪಿ ನಗರವೇ ತತ್ತರಿಸಿದ್ದು ಮರೆಯುವಂತಹದಲ್ಲ. ಆದುದರಿಂದ ಮನೆ ನೋಡುವವರು ಮಳೆಯ ಬಿರುಸು ಅರಿಯಲು ಜುಲೈಯಲ್ಲೊಮ್ಮೆ, ಬಾವಿಯ ಆಳ ಅರಿಯಲು ಏಪ್ರಿಲ್ ಕೊನೆಯಲ್ಲೊಮ್ಮೆ ಹೋಗಿ ನೋಡಬೇಕು.

ಊರಿನ ಗಾತ್ರವೂ ಮುಖ್ಯ. 2011ರ ಜನಗಣತಿಯ ಪ್ರಕಾರ ಕಾರ್ಕಳ ಪಟ್ಟಣದ ಜನಸಂಖ್ಯೆ 26 ಸಾವಿರದ ಆಸುಪಾಸು, ಕುಂದಾಪುರದ್ದು 30 ಸಾವಿರ, ಪುತ್ತೂರಿನದ್ದು 53 ಸಾವಿರ, ಶಿರಸಿಯದ್ದು 62 ಸಾವಿರದಷ್ಟು. ಮುಂಬಯಿಯ ಒಂದು ವಸತಿ ಬಡಾವಣೆಯಲ್ಲೇ ಅಷ್ಟು ಜನ ಸಿಗುತ್ತಾರೆ. ಈ ಪಟ್ಟಣಗಳಲ್ಲಿ ಕನ್ನಡ ಶಾಲೆ, ಯಕ್ಷಗಾನ, ಸಾಹಿತ್ಯದ ಕಾರ್ಯಕ್ರಮ, ದೇವಾಲಯ, ಬಸದಿ, ಇಗರ್ಜಿ, ಮಸೀದಿಗಳ ಹಬ್ಬಗಳು ಬದುಕಿಗೆ ಬಣ್ಣ ತುಂಬುತ್ತವೆ. ಆದರೆ ರಾತ್ರಿ ಎಂಟಕ್ಕೆ ಪೇಟೆ ಖಾಲಿಯಾಗುವುದಕ್ಕೂ, ಎಲ್ಲರಿಗೂ ಎಲ್ಲರ ಸುದ್ದಿ ತಿಳಿದಿರುವುದಕ್ಕೂ ಮಹಾನಗರದ ಮನಸ್ಸು ಒಗ್ಗಲು ಸಮಯ ಬೇಕು.

ಇಲ್ಲಿ ಮನೆಯೊಡತಿಯ ಮಾತಿಗೆ ಎಷ್ಟು ಬೆಲೆ ಸಿಗುತ್ತದೆ ಎಂಬುದು ಕೇಳಲೇಬೇಕಾದ ಪ್ರಶ್ನೆ. 'ಊರು' ಎಂದರೆ ಸಾಮಾನ್ಯವಾಗಿ ಗಂಡನ ಊರು. ಮದುವೆಯಾಗಿ ನೇರ ಮುಂಬಯಿಗೆ ಬಂದ ಹೆಣ್ಣುಮಗಳಿಗೆ ಆ ಊರು ರಜೆಯ ನೆಂಟಸ್ತಿಕೆಯಷ್ಟೇ. ಅವಳ ಗೆಳತಿಯರು, ಭಜನೆಯ ಜೊತೆಗಾತಿಯರು, ಲೋಕಲ್ ರೈಲಿನ ಬಳಗ, ಮೊಮ್ಮಕ್ಕಳು ಎಲ್ಲರೂ ಇರುವುದು ಇಲ್ಲಿ. ಗಂಡ ಮೊದಲು ತೀರಿಕೊಂಡರೆ ಆರು ಕೋಣೆಯ ಮನೆಯಲ್ಲಿ ಒಬ್ಬಳೇ ಉಳಿಯುವವಳು ಅವಳು. ಅಂಗಳದ ಗೇಟಿನಿಂದ ಮುಖ್ಯ ರಸ್ತೆಗೆ ಅವಳೊಬ್ಬಳೇ ನಡೆದು ಹೋಗಬಲ್ಲಳೇ, ರಾತ್ರಿ ಕರೆದರೆ ಯಾರು ಬರುತ್ತಾರೆ ಎಂಬ ಎರಡು ಪ್ರಶ್ನೆಗೆ ಉತ್ತರ ಸಿಗದ ಮನೆ ಎಷ್ಟೇ ಚಂದವಿದ್ದರೂ ಅದು ವೃದ್ಧಾಪ್ಯಕ್ಕೆ ತಕ್ಕ ಮನೆಯಲ್ಲ.

ಕಾಗದಪತ್ರಗಳ ವಿಷಯದಲ್ಲಿ ಅವಸರ ಸಲ್ಲದು. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವ ದಾರಿ ತೆರೆದಿದೆ. ಆದರೆ ಕೃಷಿಭೂಮಿಯಲ್ಲಿ ಮನೆ ಕಟ್ಟಲು ಭೂ ಪರಿವರ್ತನೆ ಬೇಕು. ಪಹಣಿ, ಋಣಭಾರ ಪತ್ರ, ಇ-ಖಾತೆ ಎಲ್ಲವನ್ನೂ ಅಲ್ಲಿನ ವಕೀಲರಿಂದ ಪರಿಶೀಲಿಸಿಕೊಂಡೇ ಮುಂಗಡ ಕೊಡಬೇಕು. ಪಾಲಾಗದ ಕುಟುಂಬದ ಜಾಗದಲ್ಲಿ ಬಾಯಿಮಾತಿನ ನಂಬಿಕೆಯ ಮೇಲೆ ಮನೆ ಕಟ್ಟಿದರೆ ಮುಂದೆ ಒಡಹುಟ್ಟಿದವರ ನಡುವೆಯೇ ಮನಸ್ತಾಪ ಹುಟ್ಟುತ್ತದೆ. ಆರೋಗ್ಯ ವಿಮೆಯ ನಗದುರಹಿತ ಸೌಲಭ್ಯ ಊರಿನ ಸಮೀಪದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನೂ ಮೊದಲೇ ವಿಚಾರಿಸಬೇಕು.

ಇವೆಲ್ಲಕ್ಕೂ ಸುಲಭ ಉಪಾಯವೊಂದಿದೆ. ಮುಂಬಯಿಯ ಮನೆ ಮಾರುವ ಮೊದಲು ಅದನ್ನು ಬಾಡಿಗೆಗೆ ಕೊಟ್ಟು, ಮೆಚ್ಚಿದ ಪಟ್ಟಣದಲ್ಲಿ ಬಾಡಿಗೆ ಮನೆ ಹಿಡಿದು ಒಂದು ವರ್ಷ ಇರುವುದು. ಒಂದು ಆಟಿ, ಒಂದು ದೀಪಾವಳಿ, ಒಂದು ಬೇಸಿಗೆ ಕಳೆದ ಮೇಲೆ ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ಮನೆ ಕೊಳ್ಳಬಹುದು. ಒಪ್ಪದಿದ್ದರೆ ಹಿಂದಿರುಗಲು ಸೂರು ಉಳಿದಿರುತ್ತದೆ.

ಈ ಕಾರ್ಯದಲ್ಲಿ ಸಂಘ ಸಂಸ್ಥೆಗಳ ಪಾತ್ರ ದೊಡ್ಡದು. ಸನ್ಮಾನ, ವಿದ್ಯಾರ್ಥಿವೇತನ, ಆರೋಗ್ಯ ಶಿಬಿರಗಳಿಗೆ ಮುಂಬಯಿಯ ಕನ್ನಡ ಮತ್ತು ತುಳು ಸಂಘಗಳು ಹೆಸರಾಗಿವೆ. ಅದೇ ಉತ್ಸಾಹದಲ್ಲಿ ವರ್ಷಕ್ಕೊಮ್ಮೆ ಒಂದು ಭಾನುವಾರವನ್ನು ಊರಿಗೆ ಮರಳುವವರಿಗಾಗಿ ಮೀಸಲಿಡಬಹುದು. ಈಗಾಗಲೇ ಹೋಗಿ ನೆಲೆಸಿದವರನ್ನೂ, ಹೋಗಿ ಮರಳಿ ಬಂದವರನ್ನೂ ಒಂದೇ ವೇದಿಕೆಗೆ ಕರೆಸಿ ಇಬ್ಬರ ಅನುಭವವನ್ನೂ ಕೇಳಿಸಬಹುದು. ಒಬ್ಬ ವಕೀಲರು, ಒಬ್ಬ ವೈದ್ಯರು, ತೆರಿಗೆ ಬಲ್ಲವರೊಬ್ಬರು ಜೊತೆಗಿದ್ದರೆ ಸಾಕು. ಪ್ರತಿ ಪಟ್ಟಣದಲ್ಲೂ ಸಂಘದ ಹಳೆಯ ಸದಸ್ಯರಿರುತ್ತಾರೆ. ಒಂಟಿಯಾಗಿರುವ ಹಿರಿಯರ ಮನೆಗೆ ವಾರಕ್ಕೊಮ್ಮೆ ಹೋಗಿ ಮಾತಾಡಿಸುವ ಹೊಣೆಯನ್ನು ಅವರು ವಹಿಸಿಕೊಂಡರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರಿಲ್ಲ.

ಹುಟ್ಟೂರಿನ ಸೆಳೆತ ಸಹಜ, ಅದು ಗೌರವಿಸತಕ್ಕದ್ದು. ಆದರೆ ಇಪ್ಪತ್ತರ ಹರೆಯದಲ್ಲಿ ಬಿಟ್ಟು ಬಂದ ಊರು ಅಲ್ಲೇ ನಿಂತಿಲ್ಲ, ಬಿಟ್ಟು ಬಂದವರೂ ಅದೇ ಹರೆಯದಲ್ಲಿಲ್ಲ. ಮುಂದಿನ ಬಾರಿ ರೈಲು ಟಿಕೇಟು ಕಾದಿರಿಸುವಾಗ ಮೇ ತಿಂಗಳ ಬದಲು ಜುಲೈಗೆ ಕಾದಿರಿಸುವುದು ಒಳ್ಳೆಯದು. ಮಳೆಯಲ್ಲಿ ತೊಯ್ದ ಆ ಊರು ಆಗಲೂ ಇಬ್ಬರಿಗೂ ಹಿಡಿಸಿದರೆ, ಮುಂಬಯಿಯ ಮನೆಯ ಬೀಗ ತೆಗೆದು ಯಾರ ಕೈಗೆ ಕೊಡಬೇಕೆಂದು ಅನಂತರ ಯೋಚಿಸಬಹುದು.