ಹಿಮ್ಮಡಿಯ ಹನಿ ರಕ್ತ ಮತ್ತು ಮನೆತನದ ಗುಟ್ಟು

ಹೊರನಾಡಿನಲ್ಲಿ ನೆಲೆಸಿದ ನಮ್ಮ ಹೆಣ್ಣುಮಕ್ಕಳು ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ವಾಡಿಕೆಯನ್ನು ಇನ್ನೂ ಬಿಟ್ಟಿಲ್ಲ. ಜಪಾನಿಗೆ ಬಂದ ಮೇಲೆ ನನಗೆ ಸೋಜಿಗವೆನಿಸಿದ ಸಂಗತಿಯೆಂದರೆ, ಇಲ್ಲಿನವರಲ್ಲಿಯೂ ಇದೇ ವಾಡಿಕೆಯಿದೆ; 'ಸಾತೊಗಾಯೆರಿ' ಎಂದು ಅದಕ್ಕೊಂದು ಹೆಸರೇ ಉಂಟು. ಆದರೆ ಒಂದು ವ್ಯತ್ಯಾಸವಿದೆ. ಜಪಾನೀ ಮಗಳು ಹೊಕ್ಕೈಡೊವಿಗೆ ಹೋಗಿ ಹೆತ್ತರೂ ಕ್ಯೂಶುವಿಗೆ ಹೋಗಿ ಹೆತ್ತರೂ, ಕೂಸು ಹುಟ್ಟಿದ ನಾಲ್ಕೈದು ದಿನಗಳಲ್ಲಿ ಅದರ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ತೆಗೆದು ಪರೀಕ್ಷೆಗೆ ಕಳುಹಿಸುವ ವ್ಯವಸ್ಥೆಯಿದೆ. ಬೆಂಗಳೂರಿಗೋ ಹಾಸನಕ್ಕೋ ಹೋಗಿ ಹೆತ್ತ ನಮ್ಮ ಮಗಳ ಕೂಸಿಗೆ ಈ ಪರೀಕ್ಷೆ ನಡೆಯುವುದೂ ನಡೆಯದಿರುವುದೂ ಆಯಾ ಆಸ್ಪತ್ರೆಯನ್ನು ಮತ್ತು ಕೇಳುವವರ ತಿಳಿವಳಿಕೆಯನ್ನು ಅವಲಂಬಿಸಿದೆ. ಈ ವಿಚಾರವನ್ನು ಸಮ್ಮೇಳನದ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ನನಗನ್ನಿಸಿತ್ತು.

ಆ ಹನಿಯಲ್ಲಿ ಹುಡುಕುವ ಹಲವು ದೋಷಗಳಲ್ಲಿ ಥೈರಾಯ್ಡ್ ಗ್ರಂಥಿಯ ಜನ್ಮಜಾತ ಕೊರತೆಯೂ ಒಂದು. ಕೂಸಿನ ಮಿದುಳು ಬೆಳೆಯುವುದಕ್ಕೆ ಈ ಗ್ರಂಥಿಯ ಥೈರಾಕ್ಸಿನ್ ಹಾರ್ಮೋನು ಬೇಕೇ ಬೇಕು. ಗರ್ಭದಲ್ಲಿದ್ದಾಗ ತಾಯಿಯ ಹಾರ್ಮೋನು ಒಂದಿಷ್ಟು ಕಾಯುವುದರಿಂದ ಇಂಥ ಶಿಶು ಹುಟ್ಟಿದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಅಳು ಕಡಿಮೆ, ನಿದ್ದೆ ಹೆಚ್ಚು. 'ಎಷ್ಟು ಸಾಧು ಕೂಸು!' ಎಂದು ಅಜ್ಜಿಯರು ಮೆಚ್ಚುವುದೂ ಉಂಟು. ಕಾಯಿಲೆಯ ಚಹರೆ ಕಣ್ಣಿಗೆ ಕಾಣಿಸುವ ಹೊತ್ತಿಗೆ ಮಿದುಳಿಗಾದ ಹಾನಿಯನ್ನು ಪೂರ್ತಿ ಸರಿಪಡಿಸುವುದು ಸಾಧ್ಯವಿರುವುದಿಲ್ಲ. ಹುಟ್ಟಿದ ಎರಡು ವಾರಗಳೊಳಗೆ ದಿನಕ್ಕೊಂದು ಪುಟ್ಟ ಮಾತ್ರೆಯನ್ನು ಪುಡಿಮಾಡಿ ಎದೆಹಾಲಿನಲ್ಲಿ ಕಲಸಿ ಕೊಡಲಾರಂಭಿಸಿದರೆ ಬಹುಪಾಲು ಮಕ್ಕಳು ಓರಗೆಯವರಂತೆಯೇ ಬೆಳೆಯುತ್ತಾರೆ. ಇಷ್ಟು ಅಗ್ಗದ ಔಷಧದಿಂದ ಇಷ್ಟು ದೊಡ್ಡ ಅನಾಹುತ ತಪ್ಪುವ ಉದಾಹರಣೆಗಳು ವೈದ್ಯಶಾಸ್ತ್ರದಲ್ಲಿ ಹೆಚ್ಚಿಲ್ಲ.

ಹೆಚ್ಚಿನ ಶಿಶುಗಳಲ್ಲಿ ಗ್ರಂಥಿಯೇ ಸರಿಯಾಗಿ ರೂಪುಗೊಂಡಿರುವುದಿಲ್ಲ. ಅದು ಸಾಮಾನ್ಯವಾಗಿ ವಂಶದಿಂದ ಬಂದದ್ದಲ್ಲ. ಆದರೆ ಒಂದು ಪಾಲು ಶಿಶುಗಳಲ್ಲಿ ಗ್ರಂಥಿಯಿದ್ದೂ ಹಾರ್ಮೋನು ತಯಾರಾಗುವುದಿಲ್ಲ. ರಕ್ತದಿಂದ ಅಯೋಡಿನ್ನನ್ನು ಒಳಗೆಳೆದುಕೊಳ್ಳುವುದು, ಅದನ್ನು ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿಗೆ ಜೋಡಿಸುವುದು ಮುಂತಾದ ಒಂದೊಂದು ಹಂತಕ್ಕೂ ಬೇರೆ ಬೇರೆ ವಂಶವಾಹಿಗಳಿವೆ. ಇವುಗಳ ದೋಷ ಬಹುಮಟ್ಟಿಗೆ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಯಿಲೆಯಾಗಿ ತೋರುತ್ತದೆ. ಅಯೋಡಿನ್ ಒಯ್ಯುವ ವಾಹಕದಲ್ಲಿನ ಇಂಥದೊಂದು ದೋಷವನ್ನು 1997ರಲ್ಲಿ ಗುರುತಿಸಿದವರು ಜಪಾನಿನ ಸಂಶೋಧಕರೇ.

ಈ ದೇಶದ ಕೊಡುಗೆ ಅಷ್ಟೇ ಅಲ್ಲ. ಗ್ರಂಥಿ ಸೋತಾಗ ಅದನ್ನು ಚುರುಕುಗೊಳಿಸಲು ಮಿದುಳಿನ ಬುಡದ ಪಿಟ್ಯುಟರಿಯು ಟಿಎಸ್ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಹೆಚ್ಚಾಗಿ ಸುರಿಸುತ್ತದೆ. ಒಣಗಿದ ರಕ್ತದ ಕಲೆಯಲ್ಲಿ ಅದನ್ನು ಅಳೆಯುವ ವಿಧಾನವನ್ನು ಇರಿಯೆ ಮಿನೊರು ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದರು. 1979ರ ಹೊತ್ತಿಗೆ ಈ ಪರೀಕ್ಷೆ ಜಪಾನಿನ ಎಲ್ಲ ನವಜಾತ ಶಿಶುಗಳಿಗೂ ದೊರೆಯುವಂತಾಯಿತು. ಆದರೆ ಈ ಜಾಲಕ್ಕೂ ಒಂದು ತೂತುಂಟು. ಅದನ್ನು ತೋರಿಸಿಕೊಟ್ಟದ್ದೂ ಜಪಾನೀ ಕುಟುಂಬಗಳೇ. 1971ರಲ್ಲಿ ಒಸಾಕಾದ ಮಿಯಾಯಿ ಮತ್ತು ಸಂಗಡಿಗರು ಇಬ್ಬರು ಅಕ್ಕತಂಗಿಯರ ವೃತ್ತಾಂತವನ್ನು ಬರೆದರು. ಅವರ ಗ್ರಂಥಿಯಲ್ಲಿ ದೋಷವಿರಲಿಲ್ಲ. ಅದಕ್ಕೆ ಅಪ್ಪಣೆ ಕೊಡಬೇಕಾದ ಟಿಎಸ್ಎಚ್ಚೇ ಇರಲಿಲ್ಲ. ಇದರ ಮೂಲವು ಟಿಎಸ್ಎಚ್ ವಂಶವಾಹಿಯ ಒಂದೇ ಒಂದು ಅಕ್ಷರದ ಪಲ್ಲಟವೆಂದು 1989ರಲ್ಲಿ ಹಯಾಶಿಜಾಕಿ ಮೊದಲಾದವರು ತೋರಿಸಿದರು. ಟಿಎಸ್ಎಚ್ ಏರಿದೆಯೇ ಎಂದಷ್ಟೇ ನೋಡುವ ಪರೀಕ್ಷೆಗೆ ಇಂಥ ಕೂಸು ಆರೋಗ್ಯವಂತ ಕೂಸಾಗಿಯೇ ಕಾಣುತ್ತದೆ! ನಾನು ವಾಸಿಸುವ ಯೊಕೊಹಾಮಾ ಇರುವ ಕನಗಾವಾ ಪ್ರಾಂತವು ಥೈರಾಕ್ಸಿನ್ನನ್ನೂ ಜೊತೆಗೆ ಅಳೆಯುವ ಕೆಲವೇ ಕಡೆಗಳಲ್ಲಿ ಒಂದು. ಅಲ್ಲಿನ ಅನುಭವದಂತೆ ಇಂಥ ಶಿಶುಗಳು ಸುಮಾರು ಮೂವತ್ತು ಸಾವಿರಕ್ಕೆ ಒಂದು.

ಇನ್ನು ನಮ್ಮ ಮನೆಯ ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬಹುಕೇಂದ್ರ ಅಧ್ಯಯನದ ಪ್ರಕಾರ ಜನ್ಮಜಾತ ಥೈರಾಯ್ಡ್ ಕೊರತೆ ನಮ್ಮಲ್ಲಿ ಸುಮಾರು 1,100 ಶಿಶುಗಳಿಗೆ ಒಂದರಂತಿದೆ. ಎರಡು ಸಾವಿರದಿಂದ ನಾಲ್ಕು ಸಾವಿರಕ್ಕೆ ಒಂದು ಎಂಬ ರೂಢಿಯ ಲೆಕ್ಕಕ್ಕಿಂತ ಇದು ಹೆಚ್ಚು. ರಕ್ತಸಂಬಂಧದ ಮದುವೆಯೊಂದೇ ಇದಕ್ಕೆ ಕಾರಣವೆಂದು ನಾನು ಹೇಳುವುದಿಲ್ಲ. ಆದರೆ ಅದನ್ನು ಮರೆಯುವಂತೆಯೂ ಇಲ್ಲ. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳ ಒಂದು ಲಕ್ಷಕ್ಕೂ ಮಿಕ್ಕ ದಂಪತಿಗಳನ್ನು ಕುರಿತು ಬಿಟಲ್ಸ್, ಅಪ್ಪಾಜಿ ರಾವ್ ಮೊದಲಾದವರು ನಡೆಸಿದ ಅಧ್ಯಯನದಲ್ಲಿ ನೂರಕ್ಕೆ 31ರಷ್ಟು ಮದುವೆಗಳು ಒಳಸಂಬಂಧದವು. ಸೋದರಮಾವನಲ್ಲಿ ಅಡಗಿರುವ ದೋಷವು ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು. ಜಪಾನಿನ ಕಾನೂನು ಸೋದರಸಂಬಂಧಿಗಳ ಮದುವೆಗೆ ಅವಕಾಶ ಕೊಟ್ಟರೂ ಮಾವ-ಸೊಸೆಯರ ಈ ಮದುವೆಯನ್ನು ಒಪ್ಪುವುದಿಲ್ಲ.

ಆದರೂ ನನ್ನ ತಕರಾರು ಆಗಿಹೋದ ಮದುವೆಗಳ ಮೇಲಲ್ಲ, ಗುಟ್ಟಿನ ಮೇಲೆ. 'ಅದನ್ನೆಲ್ಲ ಡಾಕ್ಟರ ಹತ್ತಿರ ಯಾಕೆ ಹೇಳ್ತೀಯಮ್ಮ, ನಿನ್ನ ತಂಗಿಯ ಮದುವೆ ಆಗಬೇಕಲ್ಲ' ಎಂಬ ಬುದ್ಧಿವಾದವನ್ನು ನಾನು ಇಲ್ಲಿಯೂ, ದೂರವಾಣಿಯ ಆ ಬದಿಯಿಂದ ಬಂದದ್ದನ್ನು ಕೇಳಿದ್ದೇನೆ. ಚಿಕ್ಕಂದಿನಲ್ಲಿಯೇ ತೀರಿಕೊಂಡ ಒಬ್ಬ ಚಿಕ್ಕಪ್ಪ, 'ಸ್ವಲ್ಪ ಮಂದ' ಎಂದು ಹಿತ್ತಿಲ ಕೋಣೆಯಲ್ಲಿ ಬಾಳು ಕಳೆದ ಒಬ್ಬ ಅತ್ತೆ, ಇವರ ವಿಷಯ ಹೊಸ ಸೊಸೆಗೆ ಗೊತ್ತಿರುವುದಿಲ್ಲ. ಗಂಡನಿಗೂ ಎಷ್ಟೋ ಸಲ ಅರ್ಧವೇ ಗೊತ್ತು. ನಮ್ಮ ಸಮ್ಮೇಳನಗಳ ವಧೂವರ ಕೂಟಗಳಲ್ಲಿ ಗೋತ್ರ, ನಕ್ಷತ್ರ, ವೀಸಾ ಮೂರನ್ನೂ ವಿಚಾರಿಸುತ್ತೇವೆ. ಕಾಯಿಲೆಯನ್ನೂ ಆ ಪಟ್ಟಿಗೆ ಸೇರಿಸಿರೆಂಬುದು ನನ್ನ ಸಲಹೆಯಲ್ಲ. ಹಾಗೆ ಮಾಡಿದರೆ ಮಾತ್ರೆ ನುಂಗಿ ಎಂಜಿನಿಯರಾದ ಹುಡುಗಿಗೂ ವರ ಸಿಗದಂತಾದೀತು. ಬಸುರಿಯ ವೈದ್ಯರಿಗೆ ಹೇಳಿದರೆ ಸಾಕು.

ಮುಂದಿನ ತಿಂಗಳುಗಳಲ್ಲಿ ಬಾಣಂತನಕ್ಕೆ ಊರಿಗೆ ಹೊರಡುವವರು, ಹೆರಿಗೆಗೆ ಮುನ್ನವೇ ಆಸ್ಪತ್ರೆಯಲ್ಲಿ ಈ ಪರೀಕ್ಷೆಯುಂಟೇ ಎಂದು ವಿಚಾರಿಸಲಿ. ಇಲ್ಲವೆಂದರೆ, ಮಗು ಹುಟ್ಟಿ ಎರಡು ದಿನ ಕಳೆದ ಮೇಲೆ ಹಿಮ್ಮಡಿಯ ರಕ್ತವನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳುಹಿಸಲು ಕೇಳಲಿ. ಮನೆತನದಲ್ಲಿ ಪಿಟ್ಯುಟರಿಯ ತೊಂದರೆ ಇದ್ದವರಿದ್ದರೆ ಟಿಎಸ್ಎಚ್ ಜೊತೆಗೆ ಥೈರಾಕ್ಸಿನ್ನನ್ನೂ ಅಳೆಯಲು ಹೇಳಲಿ. ಫಲಿತಾಂಶದ ಕಾಗದವನ್ನು ಕೈಯಲ್ಲಿ ಪಡೆದು, ಜಪಾನಿಗೆ ಮರಳುವವರು ಅದನ್ನು ಇಲ್ಲಿ ಪ್ರತಿ ಬಸುರಿಗೂ ಕೊಡುವ ತಾಯಿ-ಮಗುವಿನ ಕೈಪುಸ್ತಕದಲ್ಲಿ ಅಂಟಿಸಿಡಲಿ. ಇಲ್ಲಿನ ಮಕ್ಕಳ ವೈದ್ಯರು ಮೊದಲು ಕೇಳುವುದೇ ಆ ಪುಸ್ತಕವನ್ನು.