ಮೊದಲ ದಿನದ ಅಳು ಮತ್ತು ಚಿತ್ರದ ಪುಸ್ತಕ

ಮುಂಗಾರಿನ ಮಳೆ ಬಿದ್ದು ಕುಂದಗೋಳ ಸೀಮೆಯ ಎರೆಹೊಲಗಳಲ್ಲಿ ಹೆಸರು, ಹತ್ತಿಯ ಬಿತ್ತನೆಗೆ ಸಿದ್ಧತೆ ನಡೆಯುವ ಹೊತ್ತಿಗೇ ಶಾಲೆಗಳೂ ಬಾಗಿಲು ತೆರೆಯುತ್ತವೆ. ಹಿರಿಯರಿಗೆ ಮಳೆಯ ಚಿಂತೆ, ಮನೆಯ ಕಿರಿಯ ಕೂಸಿಗೆ ಶಾಲೆಯ ಚಿಂತೆ. ಹೊಸ ಪಾಟಿ, ಹೊಸ ಚೀಲ, ಹೊಸ ಅಂಗಿ ಎಲ್ಲವೂ ಇವೆ. ಆದರೆ ಶಾಲೆಯ ಬಾಗಿಲಲ್ಲಿ ತಾಯಿಯ ಸೆರಗು ಹಿಡಿದ ಪುಟ್ಟ ಮುಷ್ಟಿ ಮಾತ್ರ ಸಡಿಲುವುದಿಲ್ಲ. ಈ ಅಳುವನ್ನು ನಕ್ಕು ಮರೆಯುವುದು ಲೋಕರೂಢಿ. ಅದು ಮರೆಯತಕ್ಕ ವಿಷಯವಲ್ಲವೆಂಬುದು ನಮ್ಮ ಅಭಿಪ್ರಾಯ.

ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ ರಚಿಸಿದ ತಮ್ಮ ಆತ್ಮನಿವೇದನೆಯಲ್ಲಿ ಬಾಲ್ಯದ ಶಾಲೆಯನ್ನು ನೆನೆಯುತ್ತಾರೆ. ಶಾಲೆಯಲ್ಲಿ ಪೆಟ್ಟು ಬೀಳದಿರಲೆಂದು ಆ ಬಾಲಕ ದೇವರಲ್ಲಿ ಮೊರೆಯಿಡುತ್ತಿದ್ದ. ಹಿರಿಯರು, ಹೆತ್ತವರೂ ಸಹ, ಅವನ ಸಂಕಟವನ್ನು ಕಂಡು ನಗುತ್ತಿದ್ದರು. ನಲವತ್ತು ದಾಟಿ ಧರ್ಮಾಧ್ಯಕ್ಷರಾದ ಮೇಲೂ ಆ ನಗೆಯನ್ನು ಅವರು ಮರೆತಿರಲಿಲ್ಲ. ಮಗುವಿನ ಭಯ ಚಿಕ್ಕದೆಂದು ನಮಗೆ ತೋರುವುದು ನಾವು ದೊಡ್ಡವರಾಗಿರುವುದರಿಂದ. ಮಗುವಿಗೆ ಅದು ತನ್ನಷ್ಟೇ ದೊಡ್ಡದು.

ಮಗು ನಿಜವಾಗಿ ಹೆದರುವುದು ಯಾವುದಕ್ಕೆ? ಶಾಲೆಯನ್ನು ಅದು ಕಂಡೇ ಇಲ್ಲ. ಕಾಣದ ವಸ್ತುವಿಗೆ ಮನಸ್ಸು ತಾನೇ ರೂಪ ಕಟ್ಟುತ್ತದೆ, ಮತ್ತು ಆ ರೂಪಕ್ಕೆ ಬಣ್ಣ ತುಂಬುವವರು ಮನೆಯವರೇ. 'ಹಟ ಮಾಡಿದ್ರ ಸಾಲಿಗೆ ಹಾಕ್ತೇನಿ, ಮಾಸ್ತರು ಬಡೀತಾರ ನೋಡು' ಎಂಬ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುವುದಿಲ್ಲ! 2009ರ ಶಿಕ್ಷಣ ಹಕ್ಕು ಕಾಯಿದೆಯು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾಯಿದೆ ಶಾಲೆಯಿಂದ ಹೊರಗಟ್ಟಿದ ಬೆತ್ತವನ್ನು ಮನೆಯ ಮಾತು ಮತ್ತೆ ಮಗುವಿನ ಮನಸ್ಸಿನೊಳಗೆ ತರಬಾರದು.

ಇಲ್ಲಿಯೇ ಚಿತ್ರಪುಸ್ತಕದ ಉಪಕಾರವಿದೆ. ಕಾಣದ್ದನ್ನು ಅದು ಮುಂಚಿತವಾಗಿ ಕಾಣಿಸುತ್ತದೆ. ಈ ತಿಳಿವು ಹೊಸದಲ್ಲ. ಮೊರಾವಿಯಾದ ಶಿಕ್ಷಣತಜ್ಞ ಕೊಮೇನಿಯಸ್ 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಮಕ್ಕಳಿಗಾಗಿ ಸಚಿತ್ರ ಪಠ್ಯವೊಂದನ್ನು ಪ್ರಕಟಿಸಿದರು. ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳಲ್ಲಿದ್ದ ಆ ಪುಸ್ತಕ ತೆರೆದುಕೊಳ್ಳುವುದೇ ಗುರು ಬಾಲಕನೊಬ್ಬನನ್ನು ಕಲಿಯಲು ಕರೆಯುವ ಚಿತ್ರದಿಂದ. ಶಾಲೆಯೆಂದರೆ ಯಾತನೆಯೆಂದು ಮಕ್ಕಳು ಭಾವಿಸದೆ ಒಲಿದು ಬರಲೆಂಬುದು ತಮ್ಮ ಉದ್ದೇಶವೆಂದು ಮುನ್ನುಡಿಯಲ್ಲಿ ಅವರು ಸ್ಪಷ್ಟಪಡಿಸಿದ್ದಾರೆ. ನಮ್ಮ ಭಾಗದ ಅಂಕಲಿಪಿಯೂ ಅರಸ, ಆನೆಗಳ ಚಿತ್ರ ತೋರಿಸಿ ಅಕ್ಷರದ ಅಂಜಿಕೆ ಕಳೆದ ಪುಸ್ತಕವೇ. ಆದರೆ ಅದು ಅಕ್ಷರವನ್ನು ಪರಿಚಯಿಸಿತೇ ಹೊರತು, ತಾಯಿ ಬಿಟ್ಟುಹೋದ ಮೇಲಿನ ಗಳಿಗೆಯನ್ನಲ್ಲ.

ಆ ಗಳಿಗೆಯನ್ನೇ ಎತ್ತಿಕೊಂಡ ಪುಸ್ತಕಗಳು ಈಗ ಬಂದಿವೆ. 1993ರಲ್ಲಿ ಅಮೆರಿಕದ ಆಡ್ರಿ ಪೆನ್ ಬರೆದ 'ದಿ ಕಿಸ್ಸಿಂಗ್ ಹ್ಯಾಂಡ್' ಅಂಥದೊಂದು. ಶಾಲೆಗೆ ಅಂಜುವ ರಕೂನ್ ಮರಿಯ ಅಂಗೈಗೆ ತಾಯಿ ಮುತ್ತಿಡುತ್ತದೆ. ಬೇಸರವಾದಾಗ ಆ ಅಂಗೈಯನ್ನು ಕೆನ್ನೆಗೆ ಒತ್ತಿಕೊಳ್ಳೆನ್ನುತ್ತದೆ. ಹೊರಡುವ ಮುನ್ನ ಮರಿಯೂ ತಾಯಿಯ ಅಂಗೈಗೆ ಮುತ್ತಿಡುತ್ತದೆ. ಅಗಲಿಕೆಯ ನೋವು ಇಬ್ಬರದೂ ಎಂದು ಒಪ್ಪಿಕೊಂಡದ್ದೇ ಆ ಕಥೆಯ ಬಲ. ಒಳ್ಳೆಯ ಪುಸ್ತಕ ಅಳುವನ್ನು ಮರೆಮಾಚುವುದಿಲ್ಲ. ಅಳು ಉಂಟು, ಅದು ನಿಲ್ಲುವುದೂ ಉಂಟು, ಸಂಜೆ ಅವ್ವ ಬರುವುದೂ ಉಂಟು ಎಂದು ಕ್ರಮವಾಗಿ ತೋರಿಸುತ್ತದೆ.

'ನಾವೇನು ಚಿತ್ರಪುಸ್ತಕ ನೋಡಿ ಬೆಳೆದೆವೇ?' ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಂದಿನ ಮಗು ಅಣ್ಣ ಅಕ್ಕಂದಿರ ಕೈಹಿಡಿದು ಓಣಿಯ ಶಾಲೆಗೆ ಹೋಗುತ್ತಿತ್ತು. ಹೋಗುವ ಮೊದಲೇ ಅದರ ಅಂಗಳದಲ್ಲಿ ಆಡಿರುತ್ತಿತ್ತು. ಇಂದು ಮೂರೂವರೆ ವರ್ಷದ ಕೂಸನ್ನು ಮುಂಜಾನೆ ವ್ಯಾನಿನಲ್ಲಿ ಕೂರಿಸಿ ಪರಊರಿಗೆ ಕಳುಹಿಸುವ ಕುಟುಂಬಗಳಿವೆ. ಅಲ್ಲಿ ಕೇಳುವ ಭಾಷೆಯೂ ಮನೆಯದಲ್ಲ. ಅಂದು ಓಣಿ ಮಾಡುತ್ತಿದ್ದ ಪರಿಚಯದ ಕೆಲಸವನ್ನು ಇಂದು ಬೇರೊಂದು ಮಾಡಲೇಬೇಕಲ್ಲವೇ?

ಪುಸ್ತಕ ಮಾತ್ರ ಮಗುವಿನ ಮನೆಮಾತಿನಲ್ಲಿರಲಿ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿಯೂ, 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್‌ನಿಂದಲೂ ಕಡಿಮೆ ಬೆಲೆಯ ಕನ್ನಡ ಚಿತ್ರಪುಸ್ತಕಗಳು ಬಂದಿವೆ. 2020ರಲ್ಲಿ ಸರಕಾರ ಆರಂಭಿಸಿದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆದಿದೆ. ಇನ್ನೊಂದು ಮಾತು: ಚಿತ್ರಪುಸ್ತಕವನ್ನು ಓದಿಸಲು ಅಕ್ಷರ ಬೇಕಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಚಿತ್ರದಿಂದ ಚಿತ್ರಕ್ಕೆ ಕಥೆ ಕಟ್ಟಬಲ್ಲಳು. ಸಂಜೆಯ ಕುಟುಂಬ ಪ್ರಾರ್ಥನೆಯ ನಂತರ ಹತ್ತು ನಿಮಿಷ ಇದಕ್ಕೆ ಮೀಸಲಾಗಲಿ.

ಪುಸ್ತಕ ಸಿಗದಿದ್ದರೆ ಮನೆಯಲ್ಲಿಯೇ ಮಾಡಬಹುದು. ಶಾಲೆ ತೆರೆಯುವ ವಾರ ಮೊದಲು ಮಗುವನ್ನು ಕರೆದೊಯ್ದು ಬಾಗಿಲು, ಗಂಟೆ, ಗಿಡ, ನೀರಿನ ನಲ್ಲಿಗಳನ್ನು ತೋರಿಸಿ. ಮನೆಗೆ ಬಂದು ನಾಲ್ಕು ಹಾಳೆಗಳ ಮೇಲೆ ಅವನ್ನು ಮಗುವಿನಿಂದಲೇ ಬರೆಸಿ, ದಾರದಿಂದ ಹೊಲಿಯಿರಿ. ಕೊನೆಯ ಪುಟದಲ್ಲಿ ಬಾಗಿಲ ಬಳಿ ಕಾದು ನಿಂತ ಅವ್ವನೋ ಅಪ್ಪನೋ ಇರಲಿ.

ಆದರೆ ಆ ಕೊನೆಯ ಪುಟವನ್ನು ನಿಜವಾಗಿಸುವ ಹೊಣೆ ನಮ್ಮದು. ಮಗು ಅತ್ತ ನೋಡುವಾಗ ಇತ್ತ ಕಣ್ಣುತಪ್ಪಿಸಿ ಬರುವ ಪಾಲಕರು ಅಂದಿನ ಅಳುವನ್ನು ತಪ್ಪಿಸಿಯಾರು, ಮರುದಿನದ ನಂಬಿಕೆಯನ್ನು ಕಳೆದುಕೊಳ್ಳುವರು. 'ಹೋಗಿ ಬರುತ್ತೇನೆ, ಗಂಟೆ ಬಾರಿಸುವಾಗ ಇಲ್ಲೇ ಇರುತ್ತೇನೆ' ಎಂದು ಹೇಳಿಯೇ ಹೊರಡಿ. ಬಿತ್ತನೆಯ ಗಡಿಬಿಡಿಯಿದ್ದರೂ ಹೇಳಿದ ಹೊತ್ತಿಗೆ ಬನ್ನಿ. ಕೊಟ್ಟ ಮಾತು ಉಳಿಯುತ್ತದೆಂಬುದು ಮಗು ಶಾಲೆಯ ಬಾಗಿಲಲ್ಲಿ ಕಲಿಯುವ ಮೊದಲ ಪಾಠ. ಅದನ್ನು ಕಲಿಸುವವರು ಮಾಸ್ತರರಲ್ಲ, ಹೆತ್ತವರು.